ಗುಂಪಿನ ಲೆಕ್ಕ

ಬಸ್ಸು ಹತ್ತಿ ಕಂಬಿ ಹಿಡಿದದ್ದೇ ತಡ, ಅಂಗೈಯಿಂದ ಮೊಣಕೈವರೆಗೆ ಕರೆಂಟು ಹೊಡೆದಂತಾಗಿ ಗುರಲಿಂಗಪ್ಪ ಕೈ ಕಿತ್ತುಕೊಂಡ. ನರಕ್ಕೆ ಏರಿಸುವ ಆ ಔಷಧಿಯ ಗುಣವೇ ಅದು, ತಣ್ಣಗಿನದನ್ನು ಮುಟ್ಟಿದರೆ ಚುರುಗುಟ್ಟುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರೂ ಪ್ರತಿಸಲ ಅದು ಅವನಿಗೆ ಯಾರೋ ಬೇಕೆಂದೇ ಮಾಡಿದ ಅವಮಾನದಂತೆ ಅನಿಸುತ್ತಿತ್ತು. ನಿಡಗುಂದಿಯ ಬಸ್‌ಸ್ಟ್ಯಾಂಡಿನಲ್ಲಿ ಜನವರಿಯ ಬೆಳಗು ಇನ್ನೂ ಬೆಚ್ಚಗಾಗಿರಲಿಲ್ಲ. ಹೆಂಡತಿ ಶೇವಂತೆವ್ವ ಕೊರಳಿಗೆ ಸುತ್ತಿ ಕಳಿಸಿದ್ದ ಮಫ್ಲರನ್ನು ಬಿಚ್ಚಿ ಕೈಗೆ ಸುತ್ತಿಕೊಂಡು ಕಿಟಕಿಯ ಪಕ್ಕದ ಸೀಟಿಗೆ ಹೋಗಿ ಕುಳಿತ. ಕುಳಿತೊಡನೆ ಅಂಗಿಯ ಮೇಲಿನಿಂದಲೇ ಹೊಟ್ಟೆಯ ಎಡಭಾಗವನ್ನು ಮುಟ್ಟಿ ನೋಡಿಕೊಂಡ. ಮಳೆಗಾಲದಲ್ಲಿ ವಿಜಯಪುರದ ದವಾಖಾನೆಯಲ್ಲಿ ಕರುಳಿನ ಗಡ್ಡೆಯನ್ನು ಕೊಯ್ದು ತೆಗೆದಾಗ ಅಲ್ಲೊಂದು ತೂತು ಮಾಡಿ, ಕರುಳಿನ ತುದಿಯನ್ನು ಹೊರಗೆ ತಂದು ಚೀಲ ಅಂಟಿಸಿದ್ದರು. ಚೀಲ ಖಾಲಿಯಿತ್ತು. ಖಾಲಿ ಇರಲೆಂದೇ ಬೆಳಗಿನಿಂದ ಏನೂ ತಿಂದಿರಲಿಲ್ಲ. ಶೇವಂತೆವ್ವ ತಾಟು ಮುಂದಿಟ್ಟಾಗ, ದಾರಿಯಲ್ಲಿ ತಿನ್ನುತ್ತೇನೆ ಎಂದು ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದ.

ಹೊರಟದ್ದು ಇಂಗಳೇಶ್ವರಕ್ಕೆ, ಮಾಳಿಂಗನನ್ನು ನೋಡಲು. ಮಾಳಿಂಗ ಕುರಿ ಕಾಯುವವನು, ಹೆಚ್ಚುಕಡಿಮೆ ಇವನದೇ ವಯಸ್ಸು. ಅದೇ ವಾರ, ಅದೇ ವಾರ್ಡಿನಲ್ಲಿ, ಅದೇ ರೋಗಕ್ಕೆ ಕೊಯ್ಯಿಸಿಕೊಂಡು ಪಕ್ಕದ ಮಂಚದಲ್ಲಿ ಮಲಗಿದ್ದವನು. ಆಮೇಲೆ ಔಷಧಿ ಏರಿಸಿಕೊಳ್ಳುವ ಕೋಣೆಯಲ್ಲೂ ಇಬ್ಬರ ಕುರ್ಚಿ ಪಕ್ಕಪಕ್ಕ ಬಿದ್ದವು. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ವರ್ಕ್ ಇನ್ಸ್‌ಪೆಕ್ಟರನಾದ ಗುರಲಿಂಗಪ್ಪ ಅವನಿಗೆ ಮೊದಲ ದಿನದಿಂದಲೇ ಸಾಹೇಬ. ಡಾಕ್ಟರು ಹೇಳಿದ್ದನ್ನೆಲ್ಲ ಮಾಳಿಂಗ ತಲೆಯಾಡಿಸಿ ಕೇಳಿ, ಅವರು ಅತ್ತ ಹೋದ ಮೇಲೆ ಇವನ ಕಡೆ ತಿರುಗಿ, "ಏನಂದ್ರು ಸಾಹೇಬ್ರ?" ಎನ್ನುತ್ತಿದ್ದ. ಅಂಥವನು ಎರಡು ಸಲ ಔಷಧಿಗೆ ಬಂದಿರಲಿಲ್ಲ. "ಫೋನ್ ಬಂದ್ ಐತಿ ಕಾಕಾ. ನೀವು ಆ ಕಡೆಯವರs ಅದೀರಿ, ಒಮ್ಮೆ ಹೋಗಿ ನೋಡಿ ಬರ್ತೀರೇನು?" ಎಂದು ಡಾಕ್ಟರ್ ಪ್ರಿಯದರ್ಶಿನಿ ಕೇಳಿದ್ದಳು. ಇಂಡಿ ಕಡೆಯ ಹುಡುಗಿ, ವಯಸ್ಸಾದ ರೋಗಿಗಳನ್ನೆಲ್ಲ ಕಾಕಾ, ಆಯಿ ಎಂದೇ ಕರೆಯುವವಳು. ಅವಳ ಮಾತು ಮುಗಿಯುವ ಮೊದಲೇ ಗುರಲಿಂಗಪ್ಪ, "ಹೋಗ್ತೇನ್ರಿ, ನಾಳೆನ ಹೋಗ್ತೇನಿ" ಎಂದುಬಿಟ್ಟಿದ್ದ. ಆ ಅವಸರ ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಗೆಳೆಯನ ಕಾಳಜಿ ಎಂದುಕೊಳ್ಳಲು ನೋಡಿದ. ಆದರೆ ಕಾಳಜಿಗೆ ಎದೆ ಹಾಗೆ ಬಡಿದುಕೊಳ್ಳುವುದಿಲ್ಲ.

ನಡುವೆ ಒಂದು ಊರಿನಲ್ಲಿ ಧೂಳಪ್ಪ ಹತ್ತಿದ. ಕಾಲುವೆಯ ಕೊನೆಯಲ್ಲಿ ಹೊಲವಿದ್ದು, ನೀರು ಮುಟ್ಟಲಿಲ್ಲವೆಂದು ಕಚೇರಿಗೆ ಬಂದು ಕೂಗಾಡುತ್ತಿದ್ದ ರೈತ. ಇವನನ್ನು ಎರಡು ಸಲ ನೋಡಿ ಮೂರನೆಯ ಸಲ ಗುರುತು ಹಿಡಿದು ಪಕ್ಕದಲ್ಲೇ ಕುಳಿತ. "ಏನ್ರಿ ಸಾಹೇಬ್ರ, ಗುರ್ತs ಸಿಗಲಿಲ್ಲ ನೋಡ್ರಿ. ಹಿಂಗ್ಯಾಕ ಸೊರಗೀರಿ? ಶುಗರ್ ಏನ್ರಿ?" "ಹೌದು. ಶುಗರ್." "ಹಾಗಲಕಾಯಿ ರಸಾ ಕುಡೀರಿ ಮುಂಜಾನೆದ್ದು. ನಮ್ಮ ಅಣ್ಣಗ ಪೂರಾ ಇಳೀತು." ಇಷ್ಟಾಗುವಾಗ ಬಸ್ಸು ಹಂಪಿನ ಮೇಲೆ ಕುಲುಕಿ, ಖಾಲಿ ಚೀಲದೊಳಗೆ ಕರುಳು ಒಮ್ಮೆ ಗಾಳಿ ಬಿಟ್ಟಿತು. ತಡೆಹಿಡಿಯಲು ಅಲ್ಲಿ ಸ್ನಾಯುವಿಲ್ಲ, ಮನಸ್ಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮಗು ಗೊಣಗಿದಂಥ ಸದ್ದು. ಗುರಲಿಂಗಪ್ಪ ಕೆಮ್ಮಿ ಮುಚ್ಚಲು ನೋಡಿದ, ತಡವಾಗಿತ್ತು. ಧೂಳಪ್ಪ ಹಾಗಲಕಾಯಿಯನ್ನು ಅರ್ಧಕ್ಕೆ ಬಿಟ್ಟು ಎದುರು ನೋಡಿದ, ಆಮೇಲೆ ಟವೆಲಿನ ತುದಿಯಿಂದ ಮುಖ ಒರೆಸಿಕೊಳ್ಳುವವನಂತೆ ಮೂಗನ್ನು ಮುಚ್ಚಿದ, ಮುಂದಿನ ಸ್ಟಾಪಿನಲ್ಲಿ "ಹಿಂದ ನಮ್ಮ ಊರಾವರು ಅದಾರ್ರಿ, ಮಾತಾಡಿ ಬರ್ತೇನಿ" ಎಂದು ಎದ್ದು ಹೋದ. ಗುರಲಿಂಗಪ್ಪ ತಿರುಗಿ ನೋಡಬಾರದೆಂದುಕೊಂಡೂ ನೋಡಿದ. ಧೂಳಪ್ಪ ಹಿಂದಿನ ಸೀಟಿನಲ್ಲಿ ಒಬ್ಬನೇ ಕುಳಿತು ಹೊರಗೆ ನೋಡುತ್ತಿದ್ದ. ಅವನ ಸೌಜನ್ಯವೇ ಹೆಚ್ಚು ಚುಚ್ಚಿತು.

ಮುಚ್ಚಿಡುವುದೇ ತನ್ನ ರೋಗವಾಗಿತ್ತು ಎಂದು ಈಗ ಅನಿಸುತ್ತದೆ. ಮೊದಲ ಸಲ ರಕ್ತ ಕಂಡಾಗ ಬೇಸಿಗೆ. ಮೂಲವ್ಯಾಧಿ ಎಂದುಕೊಂಡ, ಮುದ್ದೇಬಿಹಾಳದಲ್ಲಿ ಬೇರು ಅರೆದು ಕೊಡುವವನೊಬ್ಬನ ಹತ್ತಿರ ಹೋಗಿ ಬಂದ. ಹೆಂಡತಿಗೆ ಹೇಳುವುದು ಹೇಗೆ? ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅಂಥ ಜಾಗದ ಮಾತು ಇಬ್ಬರ ನಡುವೆ ಬಂದೇ ಇರಲಿಲ್ಲ. ಹೊಟ್ಟೆ ಕಟ್ಟಿಕೊಂಡು, ತಮಟೆಯಂತೆ ಬಿಗಿದು, ಕಾಲುವೆಯ ದಂಡೆಯ ಮೇಲೆಯೇ ಕುಸಿದು ಬಿದ್ದ ದಿನ ರೋಗ ಬಯಲಾಯಿತು. ಜೀಪಿನಲ್ಲಿ ಹಾಕಿಕೊಂಡು ಹೋದರು, ಅವತ್ತೇ ಕೊಯ್ದರು. ಮಾಳಿಂಗನದು ಹಾಗಲ್ಲ. ರಕ್ತ ಕಂಡ ವಾರವೇ ಹೆಂಡತಿಗೆ ಹೇಳಿದ, ಅವಳು ಎಳೆದುಕೊಂಡು ಹೋಗಿ ತೋರಿಸಿದಳು, ದಿನ ಗೊತ್ತುಮಾಡಿ, ಹೊಟ್ಟೆ ಖಾಲಿ ಮಾಡಿಸಿ, ನಿಧಾನವಾಗಿ ಕೊಯ್ದರು. ಅವನಿಗೆ ಚೀಲವೂ ಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಗುರಲಿಂಗಪ್ಪ ಪಟ್ಟು ಹಿಡಿದು ಪ್ರಿಯದರ್ಶಿನಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಗಡ್ಡೆ ಕರುಳಿನ ಗೋಡೆಯೊಳಗೇ ಇತ್ತೋ, ದಾಟಿ ಹೊರಗೆ ಬಂದಿತ್ತೋ. ಸುತ್ತಲಿನ ಸಣ್ಣ ಗ್ರಂಥಿಗಳಲ್ಲಿ ಎಷ್ಟಕ್ಕೆ ಹಬ್ಬಿತ್ತು. ಕೊಯ್ದ ಅಂಚು ಸ್ವಚ್ಛವಿತ್ತೋ. ಕರುಳು ಕಟ್ಟಿಕೊಂಡ ಮೇಲೆ ತುರ್ತಾಗಿ ಕೊಯ್ದದ್ದೋ, ಮೊದಲೇ ಗೊತ್ತುಮಾಡಿ ಕೊಯ್ದದ್ದೋ. ಮೈಯಲ್ಲಿ ಸತ್ವ ಎಷ್ಟಿತ್ತು. ಆಮೇಲಿನ ಔಷಧಿಯನ್ನು ಪೂರಾ ಮುಗಿಸಿದರೋ ಇಲ್ಲವೋ. ಬದುಕುವವರು ಯಾರು ಎಂಬುದು ಇಂಥವುಗಳ ಮೇಲೆ ನಿಂತಿದೆ ಎಂದು ಅವಳು ಹೇಳಿದ್ದಳು. ಒಂದೊಂದಕ್ಕೂ ತನ್ನ ಉತ್ತರವನ್ನು ಮಾಳಿಂಗನ ಉತ್ತರದ ಪಕ್ಕದಲ್ಲಿಟ್ಟು ನೋಡಿದಾಗ, ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ಕದ್ದು ನೋಡಿ ತಾನು ಬರೆದದ್ದೆಲ್ಲ ತಪ್ಪೆಂದು ತಿಳಿದ ಹುಡುಗನಂತಾಗಿದ್ದ. "ಇದು ಗುಂಪಿನ ಲೆಕ್ಕ ಕಾಕಾ," ಎಂದು ಅವಳು ಅವನ ಮುಖ ನೋಡಿ ಸೇರಿಸಿದ್ದಳು. "ನೂರು ಮಂದ್ಯಾಗ ಇಷ್ಟು ಮಂದಿ ಉಳೀತಾರ ಅಂತ ಹೇಳಬಹುದು. ಆ ನೂರರಾಗ ನೀವು ಯಾರು ಅಂತ ನನಗ ಹೇಳಾಕ ಬರೂದಿಲ್ಲ."

ಬಾಗೇವಾಡಿಯ ಸ್ಟ್ಯಾಂಡಿನಲ್ಲಿಳಿದು ಇಂಗಳೇಶ್ವರದ ಕಡೆಯ ಟಂಟಂ ಆಟೋ ತುಂಬುವುದನ್ನು ಕಾಯುತ್ತ ನಿಂತಾಗ, ನಿನ್ನೆಯಿಂದ ಮನಸ್ಸಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಆ ಯೋಚನೆ ಎದ್ದು ಬಂದು ಎದುರು ನಿಂತಿತು. ಮಾಳಿಂಗ ಸತ್ತಿರಬಹುದು. ಸತ್ತಿದ್ದರೆ, ಎಲ್ಲ ಒಳ್ಳೆಯ ಗುರುತುಗಳಿದ್ದವನೇ ಸತ್ತಿದ್ದರೆ, ಆ ಗುರುತುಗಳಿಗೆ ಅರ್ಥವಿಲ್ಲ. ಅರ್ಥವಿಲ್ಲದಿದ್ದರೆ, ಎಲ್ಲ ಕೆಟ್ಟ ಗುರುತುಗಳಿರುವ ತಾನು ಬದುಕಬಹುದು. ಇಷ್ಟು ಸ್ಪಷ್ಟವಾಗಿ ಅದು ಬಂದದ್ದರಿಂದ ಅವನು ಟಂಟಂನ ಮಗ್ಗುಲಿಗೆ ಕೈಯೂರಿದ. ತಗಡು ತಣ್ಣಗಿತ್ತು, ಬೆರಳುಗಳಲ್ಲಿ ಮುಳ್ಳಾಡಿತು, ಆದರೂ ಕೈ ತೆಗೆಯಲಿಲ್ಲ. ಹಾಗಾದರೆ ಡಾಕ್ಟರಿಗೆ ಅಷ್ಟು ಅವಸರದಿಂದ ಹೂಂ ಎಂದದ್ದು ಇದಕ್ಕೆ. ಅವತ್ತೇ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು: "ರಕ್ತದ ಒಂದು ಪರೀಕ್ಷಾ ಏರೇತಿ ಕಾಕಾ. ಬ್ಯಾರೆ ಕಾರಣಕ್ಕೂ ಏರ್ತೈತಿ. ಬರೂ ಮಂಗಳವಾರ ಸ್ಕ್ಯಾನ್ ಮಾಡಿಸಿ ನೋಡೂಣು." ಅದನ್ನು ಶೇವಂತೆವ್ವನಿಗೆ ಹೇಳಿರಲಿಲ್ಲ. ಅವಳು "ಏನಂದ್ರು?" ಎಂದಾಗ "ಚೊಲೋ ಐತಂತ" ಎಂದಿದ್ದ. ಅವಳು ಚೀಲ ಬದಲಿಸಲು ಬಂದರೂ ಬಾಗಿಲು ಹಾಕಿಕೊಳ್ಳುವವನು, ಇದನ್ನು ಹೇಳುವನೇ? ಟಂಟಂ ಹೊರಟಿತು. ಎರಡೂ ಕಡೆ ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು. ಬದುಕಿರಲಿ, ಬದುಕಿರಲಿ ಎಂದು ಬಾಯಲ್ಲಿ ಅಂದುಕೊಂಡ. ಒಳಗಿನದು ಕಿವಿಗೊಡಲಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಕುಳಿತು ತೊಗರಿಯ ನಡುವೆ ಬೆಳೆದ ಅಕ್ಕಡಿ ಕಾಳು ಹಸನು ಮಾಡುತ್ತಿದ್ದ ಹೆಂಗಸು ಮಾಳಿಂಗನ ಹೆಂಡತಿ ಗುಂಡವ್ವ. ವಾರ್ಡಿನಲ್ಲಿ ಎಷ್ಟೋ ಸಲ ಇವನಿಗೂ ಗಂಜಿ ಹಾಕಿಕೊಟ್ಟವಳು. ಅವಳ ಹಣೆ ನೋಡಿದ ಮೊದಲು. ಕುಂಕುಮವಿತ್ತು. ಎದೆಯಲ್ಲಿ ಏನೋ ಸಡಿಲಾಯಿತು, ಏನೋ ಮುರಿಯಿತು, ಎರಡರಲ್ಲಿ ಯಾವುದು ದೊಡ್ಡದೆಂದು ಅಳೆಯಲು ಸಮಯವಿರಲಿಲ್ಲ, ಏಕೆಂದರೆ ಗುಂಡವ್ವ ಇವನನ್ನು ಕಂಡವಳೇ ಮೊರವನ್ನು ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು.

"ಯವ್ವಾ ನನ್ನವ್ವಾ... ನೀವಾ?"

"ನಾನs ಗುಂಡವ್ವ. ಆಲಮಟ್ಟಿ ಗುರಲಿಂಗಪ್ಪ. ಯಾಕ, ಗುರ್ತ ಹತ್ತಲಿಲ್ಲೇನು?"

"ಗುರ್ತ ಹತ್ತಿದ್ದಕ್ಕ ಹೆದರೇನ್ರಿ ಯಪ್ಪಾ! ನೀವು ಹೋದ್ರಿ ಅಂತ ಹೇಳಿದ್ರಲ್ರಿ."

"ಯಾರು ಹೇಳಿದ್ರು?"

"ದವಾಖಾನ್ಯಾಗ. ಔಷಧಿ ಕೋಣ್ಯಾಗ ಕೆಲಸಾ ಮಾಡ್ತಾನಲ್ಲ, ನಬಿಲಾಲ, ಅಂವಾ. ನಿಮ್ಮ ಕುರ್ಚಿ ಖಾಲಿ ಇತ್ತು. ಸಾಹೇಬ್ರು ಎಲ್ಲಿ ಅಂತ ಇವರು ಕೇಳಿದ್ರು. ಅವರು ಹೋದ್ರು ಅಂದ. ಇವರು ಮುಂದ ಒಂದು ಮಾತು ಕೇಳಲಿಲ್ಲ, ಸೂಜಿ ಚುಚ್ಚಿಸಿಕೊಳ್ಳಲಿಲ್ಲ. ಎದ್ದು ಬಂದ್ಬಿಟ್ಟ್ರು. ಫೋನ್ ಬಂದ್ ಮಾಡಿ ಕಪಾಟಿನಾಗ ಒಗದಾರ."

ಆ ದಿನ ಗುರಲಿಂಗಪ್ಪನಿಗೆ ನೆನಪಾಯಿತು. ರಕ್ತದಲ್ಲಿ ಬಿಳಿಕಣ ಕಡಿಮೆಯಿವೆ, ಇವತ್ತು ಔಷಧಿ ಬೇಡ ಎಂದು ಬಂದ ದಾರಿಯಲ್ಲೇ ಮನೆಗೆ ಕಳಿಸಿದ್ದರು. ಹೋಗಿದ್ದು ನಿಜ. ಊರಿಗೆ ಹೋಗಿದ್ದ. ನಗು ಬರಬೇಕಾಗಿತ್ತು, ಬರಲಿಲ್ಲ. ತಾನು ಸತ್ತೆನೆಂಬ ಸುದ್ದಿಯೊಂದಿಗೆ ಈ ಮನೆಯವರು ಒಂದು ತಿಂಗಳು ಬದುಕಿದ್ದಾರೆ. ತಾನು ದಾರಿಯಲ್ಲಿ ಮಾಳಿಂಗನ ಸಾವನ್ನು ತೂಗಿ ನೋಡುತ್ತಿದ್ದಾಗ ಇಲ್ಲಿ ತನ್ನ ಸಾವಿನ ತೂಕ ಆಗಲೇ ಮುಗಿದಿತ್ತು. "ಎಲ್ಲಿ ಅದಾನ?" ಎಂದು ಕೇಳಿದ. ಗುಂಡವ್ವ ತೊಗರಿ ಕೊಯ್ದ ಹೊಲಗಳ ಕಡೆ ಕೈ ಮಾಡಿದಳು. "ನೀವs ಹೇಳ್ರಿ ಅವರಿಗೆ. ಔಷಧಿಗೆ ಹೋಗ್ರಿ ಅಂತ ಹೇಳಿ ಹೇಳಿ ನನ್ನ ಮಾತು ಸತ್ತೈತಿ."

ಹೊಲದ ನಡುವೆ ಹೋಗುವಾಗ ಬಿಸಿಲು ಬಲಿತಿತ್ತು. ತೊಗರಿಯ ಕೂಳೆ ಚಪ್ಪಲಿಗೆ ಚುಚ್ಚುತ್ತಿತ್ತು. ಕುರಿಗಳು ಉದುರಿದ ಎಲೆ ಮೇಯುತ್ತಿದ್ದವು. ಕೋಲಿನ ಮೇಲೆ ಗದ್ದ ಊರಿ ನಿಂತಿದ್ದವನು ದೂರದಿಂದಲೇ ಇವನನ್ನು ಕಂಡ, ಕೋಲು ಕೆಳಗಿಳಿಸಿದ, ಆದರೆ ಹೆಜ್ಜೆ ಮುಂದಿಡಲಿಲ್ಲ. ಹತ್ತಿರ ಹೋದ ಮೇಲೆ ಮೇಲಿಂದ ಕೆಳಗೆ ನೋಡಿ, ಕೈ ಚಾಚಿ ಇವನ ತೋಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟ. ಆಮೇಲೆ ಅವನ ಮುಖದಲ್ಲಿ ಬಂದದ್ದು ಸಂತೋಷವಲ್ಲ, ಸಿಟ್ಟು.

"ಇದ್ದಾವರು ಒಂದು ಮಾತು ಹೇಳಿ ಕಳಸಬಾರದೇನ್ರಿ?"

"ನೀ ಹಿಂಗ ತಿಳ್ಕೊಂಡಿ ಅಂತ ನನಗೇನು ಗೊತ್ತೋ ಮಾರಾಯಾ."

ಬೇವಿನ ಗಿಡದ ಕೆಳಗೆ ಕುಳಿತರು. ಮಾಳಿಂಗ ಮೈ ತುಂಬಿಕೊಂಡಿದ್ದ, ಮುಖಕ್ಕೆ ಮತ್ತೆ ಕಳೆ ಬಂದಿತ್ತು. ನೋಡಬಾರದೆಂದುಕೊಂಡೂ ಗುರಲಿಂಗಪ್ಪ ಅವನ ಹೊಟ್ಟೆ ನೋಡಿದ. ಅಂಗಿಯ ಕೆಳಗೆ ಸಪಾಟಾಗಿತ್ತು. ಮಾಳಿಂಗ ತನ್ನ ಗಂಟು ಬಿಚ್ಚಿದ, ಇವನೂ ಬಿಚ್ಚಬೇಕಾಯಿತು. ಶೇವಂತೆವ್ವನ ರೊಟ್ಟಿ, ಪುಂಡಿಪಲ್ಲೆ. ಹಸಿವು ಎಷ್ಟಿತ್ತೆಂದರೆ ಮೊದಲ ತುತ್ತಿನ ನಂತರ ಕೈ ನಿಲ್ಲಲೇ ಇಲ್ಲ. ಎರಡನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಅಂಗಿಯ ಕೆಳಗೆ ಬೆಚ್ಚಗಾಯಿತು. ನಡೆದ ಬೆವರಿಗೆ ಚೀಲದ ಅಂಟು ಬಿಟ್ಟುಕೊಂಡಿರಬೇಕು. ಬೆಚ್ಚಗಿನದು ಸೊಂಟದ ಕಡೆಗೆ ಇಳಿಯತೊಡಗಿತು, ವಾಸನೆ ಎದ್ದಿತು. ಗುರಲಿಂಗಪ್ಪ ಎದ್ದು ನಿಂತ, ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಸುತ್ತಲೂ ಬಯಲು, ಮರೆಯೆನ್ನುವುದೇ ಇಲ್ಲ.

"ಅದಕ್ಯಾಕ ಹಂಗ ನಿಂತೀರಿ? ಬರ್ರಿ ಇತ್ತ," ಎಂದ ಮಾಳಿಂಗ. ಗಿಡದ ಬೊಡ್ಡೆಯ ಹಿಂದೆ ಕರೆದುಕೊಂಡು ಹೋಗಿ ನೀರಿನ ಕ್ಯಾನು ತಂದ. ಗುರಲಿಂಗಪ್ಪನ ಕೈಚೀಲದಲ್ಲಿ ಬೇರೆ ಚೀಲವಿತ್ತು, ಬಟ್ಟೆಯಿತ್ತು. ಆದರೆ ನೀರು ಬೆರಳಿಗೆ ಬಿದ್ದೊಡನೆ ಕೈ ಚುರುಗುಟ್ಟಿ ಬಟ್ಟೆ ಕೆಳಗೆ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. "ಬಿಡ್ರಿ," ಎಂದು ಮಾಳಿಂಗ ಬಟ್ಟೆಯನ್ನು ತಾನೇ ತೆಗೆದುಕೊಂಡು, ಮೊಣಕಾಲೂರಿ ಕುಳಿತು ಒರೆಸತೊಡಗಿದ. ಮುಖ ಕಿವಿಚಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ನಡುನಡುವೆ ಹಿಂದೆ ತಿರುಗಿ, ಪಕ್ಕದ ಜೋಳಕ್ಕೆ ಬಾಯಿ ಹಾಕಲು ಹೋದ ಕುರಿಯನ್ನು ಗದರಿಸುತ್ತಿದ್ದ. ಗುರಲಿಂಗಪ್ಪ ಅಂಗಿಯನ್ನು ಎತ್ತಿ ಹಿಡಿದು ಆಕಾಶ ನೋಡುತ್ತ ನಿಂತ. ನಾಚಿಕೆ ಬರುತ್ತದೆಂದು ಕಾಯುತ್ತಿದ್ದ. ಅದು ಎಲ್ಲೋ ತಡವಾಯಿತು, ಬರಲೇ ಇಲ್ಲ.

ಕೈ ತೊಳೆದುಕೊಂಡು ಬಂದು ಕುಳಿತ ಮೇಲೆ ಮಾಳಿಂಗ ಕೇಳಿದ, "ನಿಮಗ ಗುಣಾ ಆತೇನ್ರಿ ಸಾಹೇಬ್ರ?"

ಸುಳ್ಳು ತುದಿನಾಲಿಗೆಯಲ್ಲೇ ಇತ್ತು. ಆತು ಎಂದರೆ ಸಾಕು, ಮಂಗಳವಾರ ಇವನು ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ. ಪ್ರಿಯದರ್ಶಿನಿ ಕೇಳಿದ ಕೆಲಸ ಮುಗಿಯುತ್ತದೆ. ಆದರೆ ಒಂದು ದಿನ ನಿಜವಾಗಿಯೂ ತನ್ನ ಕುರ್ಚಿ ಖಾಲಿಯಾದಾಗ, ನಬಿಲಾಲ ಮತ್ತೆ ಅದೇ ಮಾತು ಹೇಳಿದಾಗ, ಇವನು ಮತ್ತೆ ಎದ್ದು ಬಂದುಬಿಡುತ್ತಾನೆ. ತನ್ನ ಹೆಗಲ ಮೇಲೆ ಇವನು ಕೈಯಿಟ್ಟು ಹೊಳೆ ದಾಟುತ್ತಿದ್ದಾನೆ, ತಾನು ಮುಳುಗಿದರೆ ಇವನೂ ಮುಳುಗುತ್ತಾನೆ. ಕೈ ಬಿಡಿಸಬೇಕು. ಬಿಡಿಸಲು ಇದ್ದದ್ದು ಒಂದೇ ದಾರಿ, ಯಾರೆದುರೂ, ಕನ್ನಡಿಯೆದುರೂ, ಈವರೆಗೆ ಬಾಯಿಬಿಟ್ಟು ಆಡದ ಮಾತು.

"ಮಾಳಿಂಗಾ, ನನ್ನ ನೋಡಿ ನಿನ್ನ ಲೆಕ್ಕಾ ಹಾಕಬ್ಯಾಡ," ಎಂದ. ದನಿ ತನ್ನದಲ್ಲವೆನ್ನಿಸಿತು. "ನಂದು ಕರುಳು ಕಟ್ಟಿಕೊಂಡು ಒಡ್ಯೂ ಹೊತ್ತಿನಾಗ ಕೊಯ್ದ್ರು. ನಿಂದು ಹಂಗಲ್ಲ, ಲಗೂನ ನೋಡಿ, ತಯಾರಿ ಮಾಡಿ ಕೊಯ್ದ್ರು. ನನ್ನ ಗಡ್ಡಿ ಗ್ವಾಡಿ ಹರಕೊಂಡು ಹೊರಗ ಬಂದಿತ್ತು. ನಂದು ಐದು ಗ್ರಂಥಿಗೆ ಹಬ್ಬಿತ್ತು, ನಿಂದು ಒಂದಕ್ಕ. ನಿನಗ ಬದುಕೂ ದಾರಿ ಅಗಲ ಐತಿ. ಔಷಧಿ ಪೂರಾ ಮುಗಿಸಿದ್ರ ಇನ್ನಷ್ಟು ಅಗಲ ಆಗ್ತೈತಿ. ನಂದು..." ರೊಟ್ಟಿಯ ಬಟ್ಟೆಯನ್ನು ಮಡಚಿದ. "ನಂದು ಮೊದಲs ಸಣ್ಣದು. ಈಗ ರಕ್ತದಾಗ ಮತ್ತ ಏನೋ ಏರೇತಿ. ನಾ ಉಳೀತೇನೋ ಇಲ್ಲೋ, ಅದು ನನ್ನ ಮಾತು. ನಿಂದs ಬ್ಯಾರೆ ಮಾತು. ನಾ ಹೋದೆ ಅಂತ ಯಾರರ ಹೇಳಿದ್ರೂ ನೀ ಸೂಜಿ ಚುಚ್ಚಿಸಿಕೊಂಡs ಏಳಬೇಕು."

ಮಾಳಿಂಗ ನೆಲದ ಹೆಂಟೆಯೊಂದನ್ನು ಬೆರಳಿನಲ್ಲಿ ಒಡೆದು ಪುಡಿ ಮಾಡಿದ. "ನೀವು ಹೋದ್ರಿ ಅಂದಾಗ ನನಗ ಮೊದಲ ಏನನಿಸ್ತು, ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಸದ್ಯ, ಹೋದಾಂವ ನಾ ಅಲ್ಲಲ್ಲ ಅನಿಸ್ತು. ಒಂದs ಗಳಿಗಿ. ಆಮ್ಯಾಲ ಹೆದರಿಕಿ ಬಂತು, ಇಷ್ಟು ತಿಳಿದಾವರಿಗೆ ಹಿಂಗಾದ್ರ ನಂದೇನು ಅಂತ. ಆದ್ರ ಮೊದಲ ಬಂದಿದ್ದು ಅದು."

"ಇವತ್ತ ದಾರ್ಯಾಗ ನಾನೂ ನಿನ್ನ ಬಗ್ಗೆ ಚೊಲೋದು ನೆನಸಲಿಲ್ಲ."

ಮಾಳಿಂಗ ತಲೆಯೆತ್ತಿ ಇವನನ್ನು ನೋಡಿದ. ಅರ್ಥವಾಯಿತು. ಅವನ ಗಂಟಲಿನಿಂದ ನಗುವಿನಂಥದೇನೋ ಹೊರಟಿತು. "ಹಂಗಾರ ಬರೋಬ್ಬರಿ ಆತು ಬಿಡ್ರಿ," ಎಂದ. ಕೋಲನ್ನು ಕೈಗೆತ್ತಿಕೊಂಡು, "ಮಂಗಳವಾರ ಬರ್ತೇನಿ. ಕುರಿ ಅಳಿಯಾ ನೋಡ್ಕೋತಾನ."

ಅವನು ಬಂದ, ಆ ಮಂಗಳವಾರವೂ, ಉಳಿದ ಎಲ್ಲ ಸಲಗಳಿಗೂ. ಆದರೆ ಅಂದು ಮಧ್ಯಾಹ್ನ ಬಾಗೇವಾಡಿಯಿಂದ ನಿಡಗುಂದಿಯ ಬಸ್ಸು ಹಿಡಿದ ಗುರಲಿಂಗಪ್ಪನಿಗೆ ಅದರ ಸಮಾಧಾನವಿರಲಿಲ್ಲ. ಹೊಲದಲ್ಲಿ ಆಡಿದ ಮಾತು ಈಗ ಗಾಳಿಯಲ್ಲಿತ್ತು. ಒಬ್ಬನಿಗೆ ಗೊತ್ತಿತ್ತು, ಗೊತ್ತಿರಬೇಕಾದವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗ ಶೇವಂತೆವ್ವ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಹೆಂಗದಾನ್ರಿ ಆ ಕುರಿ ಕಾಯಾಂವ?" ಎಂದಳು. "ಅಂವಾ ಉಳೀತಾನ," ಎಂದ. ಆ ಒಂದು ಮಾತಿನಲ್ಲಿ ಏನು ಕೇಳಿಸಿತೋ, ಅವಳ ಕೈ ನಿಂತಿತು. ಗುರಲಿಂಗಪ್ಪ ನಿಂತುಕೊಂಡೇ ಹೇಳಿದ, ಬೇಸಿಗೆಯ ರಕ್ತದಿಂದ ಹಿಡಿದು, ಮುದ್ದೇಬಿಹಾಳದ ಬೇರು, ಐದು ಗ್ರಂಥಿ, ಈ ವಾರದ ಪರೀಕ್ಷೆಯವರೆಗೆ, ನಡುವೆ ಎಲ್ಲೂ ನಿಲ್ಲದೆ, ನಿಂತರೆ ಮತ್ತೆ ಶುರುಮಾಡಲಾರೆನೆಂದು ಹೆದರಿ. ಅವಳು ಅಳುತ್ತಾಳೆಂದುಕೊಂಡಿದ್ದ. ಅವಳು ಮಡಚಿದ ಸೀರೆಯನ್ನು ನೆಲಕ್ಕೆ ಬಡಿದಳು.

"ಕರುಳು ನಿಮ್ಮ ಒಬ್ಬರದs ಅಂತ ತಿಳ್ಕೊಂಡೀರೇನು?"

"ಶೇವಂತಾ, ನಿನಗ ತ್ರಾಸ ಯಾಕಂತ..."

"ತ್ರಾಸ ಆತು ಅಂತ ನಾ ಯಾವಾಗ ಅಂದೀನಿ? ಬಾಗಲಾ ಹಾಕ್ಕೊಂಡು ಕುಂತ್ರ ಹೊರಗಿದ್ದಾಕಿಗೆ ತ್ರಾಸ ಆಗೂದಿಲ್ಲೇನು? ಮಂಗಳವಾರ ನಾನೂ ಬರ್ತೇನಿ. ಬ್ಯಾಡ ಅಂದ್ರೂ ಬರ್ತೇನಿ."

ಸ್ಕ್ಯಾನಿನಲ್ಲಿ ಪಿತ್ತಜನಕಾಂಗದ ಅಂಚಿಗೆ ಒಂದು ಚುಕ್ಕೆ ಕಂಡದ್ದು, ಒಂದೇ ಆದ್ದರಿಂದ ಅದನ್ನೂ ಕೊಯ್ಯಬಹುದೆಂದು ಪ್ರಿಯದರ್ಶಿನಿ ಹೇಳಿದ್ದು, ನೂರರಲ್ಲಿ ಎಷ್ಟು ಮಂದಿ ಎಂದು ಈ ಸಲ ಶೇವಂತೆವ್ವನೇ ಮುಂದೆ ಬಂದು ಕೇಳಿದ್ದು, ಎಲ್ಲ ಆಮೇಲಿನದು. ಆ ಸಂಜೆ ಮಾತ್ರ ಗಂಡ ಹೆಂಡತಿ ಇಬ್ಬರೂ ಜಗಳಾಡಿದರು. ಮದುವೆಯಾದ ಹೊಸದರಲ್ಲಿ ಆಡಿದ ಹಾಗೆ, ಹಳೆಯದನ್ನೆಲ್ಲ ಎಳೆದು ತಂದು, ಆಚೆಮನೆಯವರು ಬಾಗಿಲಿಗೆ ಬಂದು ನಿಲ್ಲುವಷ್ಟು ದೊಡ್ಡ ದನಿಯಲ್ಲಿ, ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲುತ್ತ.